ತನ್ನ ಎಡೆಯನ್ನು ತಾನೇ ಉಂಡ ಹವಾಲ್ದಾರ

ನನ್ನ ಅಪ್ಪ ಎರಡು ಸಲ ಸತ್ತರು. ಮೊದಲನೆಯ ಸಲ ಊಟ ಚೆನ್ನಾಗಿತ್ತಂತೆ. ಹೇಳಿದ್ದು ಬೇರೆ ಯಾರೂ ಅಲ್ಲ, ಅವರೇ. ಆ ಊಟಕ್ಕೆ ಪಂಕ್ತಿಯಲ್ಲಿ ಕೂತು ಎರಡು ಸಲ ಅನ್ನ ಹಾಕಿಸಿಕೊಂಡಿದ್ದರು.

ನಗುವವರು ನಗಲಿ. ನಾನು ಜಯಲತಾ, ವಯಸ್ಸು ಐವತ್ತೊಂದು, ಠಾಣೆ ಶಹರದ ಮಾಜಿವಾಡಾದಲ್ಲಿ ಒಂದು ಶಾಲೆಯ ಹೆಡ್ ಕ್ಲಾರ್ಕ್. ಮೂಗಿನ ತುದಿಯಲ್ಲಿ ಸಿಟ್ಟು ಎಂದು ಸ್ಟಾಫ್ ರೂಮಿನಲ್ಲಿ ಆಡಿಕೊಳ್ಳುತ್ತಾರೆ, ಗೊತ್ತು. ಜನನ ಪತ್ರದಲ್ಲಿ ಒಂದು ತಾರೀಕು, ಆಧಾರ್ ಕಾರ್ಡಿನಲ್ಲಿ ಇನ್ನೊಂದು ತಾರೀಕು ತಂದವರನ್ನು ಕೌಂಟರಿನಲ್ಲೇ ನಿಲ್ಲಿಸಿ ಬೆವರಿಳಿಸುವವಳು ನಾನು. ಅಂಥವಳ ಮನೆಯಲ್ಲೇ ಒಬ್ಬರು ಐವತ್ತಮೂರು ವರ್ಷ ಸತ್ತವರ ಪಟ್ಟಿಯಲ್ಲಿ ಇದ್ದುಕೊಂಡು ದಿನಾ ಬೆಳಿಗ್ಗೆ ಆರಕ್ಕೆ ಹಾಲು ತರಲು ಹೋಗುತ್ತಿದ್ದರು. ಏನು ಮಾಡುವುದು, ನನ್ನ ಹಣೆಬರಹ.

ಅಪ್ಪನ ಹೆಸರು ಲೋಕನಾಥ. ಉಡುಪಿಯ ಕಡೆಯವರು. ಹತ್ತೊಂಬತ್ತನೇ ವಯಸ್ಸಿನಲ್ಲಿ ಸೈನ್ಯ ಸೇರಿ ಲಾರಿ ಡ್ರೈವರ್ ಆದರು. ಎಪ್ಪತ್ತೊಂದರ ಯುದ್ಧದಲ್ಲಿ ಪೂರ್ವದ ಗಡಿ ದಾಟಿ ಹೋದರು. ಚಿಕ್ಕವಳಿದ್ದಾಗ ನಾನು ಎಲ್ಲರ ಹತ್ತಿರ ಹೇಳುತ್ತಿದ್ದೆ, ನಮ್ಮ ಅಪ್ಪ ಲಾರಿ ತುಂಬ ಮದ್ದುಗುಂಡು ತೆಗೆದುಕೊಂಡು ಹೋಗಿದ್ದರು ಎಂದು. ಅಪ್ಪ ನನ್ನ ಗೆಳತಿಯರ ಎದುರಿಗೇ ತಿದ್ದಿದರು. "ಮದ್ದುಗುಂಡು ಅಲ್ಲ ಮಗಾ, ಉಪ್ಪು. ಅರವತ್ತು ಮೂಟೆ." ನನ್ನ ಮರ್ಯಾದೆ ಮೂರು ಕಾಸಿಗೆ ಹೋಯಿತು.

ಉಪ್ಪಿನ ಲಾರಿ ಮಂಜಿನಲ್ಲಿ ದಾರಿ ತಪ್ಪಿ ಒಂದು ನದಿಯ ಕೆಸರಿನಲ್ಲಿ ಹೂತುಹೋಯಿತು. ಆ ದಾರಿಯಲ್ಲಿ ಹೋಗುತ್ತಿದ್ದ ಒಬ್ಬ ಸಾಹೇಬರು ಜೀಪಿನಿಂದ ಇಳಿಯದೆಯೇ, "ಇಲ್ಲೇ ನಿಲ್ಲು, ಎಳೆಯುವ ಗಾಡಿ ಕಳಿಸುತ್ತೇನೆ" ಎಂದು ಹೇಳಿ ಹೋದರಂತೆ. ಅಪ್ಪ ನಿಂತರು. ಯುದ್ಧ ಒಟ್ಟು ನಡೆದದ್ದೇ ಹದಿಮೂರು ದಿನ. ಅಪ್ಪ ನಿಂತದ್ದು ನಲವತ್ತು ದಿನ. ಯುದ್ಧ ಮುಗಿಯಿತು ಎಂದು ಹತ್ತಿರದ ಹಳ್ಳಿಯವರು ಬಂದು ತಮ್ಮ ಭಾಷೆಯಲ್ಲಿ ಹೇಳಿದರು, ಕುಣಿದು ತೋರಿಸಿದರು. ಅಪ್ಪ ಅದು ಶತ್ರುವಿನ ಉಪಾಯ ಎಂದುಕೊಂಡರು. ಆ ಜನ ಪಾಪ ದಿನಾ ಅನ್ನ, ಮೀನು ತಂದು ಕೊಟ್ಟರು. ಅವರ ಮನೆಗಳಲ್ಲಿ ಉಪ್ಪಿರಲಿಲ್ಲವಂತೆ. ಒಬ್ಬೊಬ್ಬರಿಗೂ ಅಪ್ಪ ಒಂದೊಂದು ಬೊಗಸೆ ಉಪ್ಪು ಕೊಟ್ಟರು. ಕೊನೆಗೆ ಯಾರೋ ಹುಡುಕಿಕೊಂಡು ಬರುವಾಗ ಲಾರಿಯಲ್ಲಿ ಉಳಿದದ್ದು ಒಂಬತ್ತು ಮೂಟೆ. ಅಪ್ಪನಿಗೆ ಕಾಮಾಲೆ ಹಿಡಿದು ಕಣ್ಣು ಅರಿಸಿನವಾಗಿತ್ತು. ಆಸ್ಪತ್ರೆಯಲ್ಲಿ ಐದು ತಿಂಗಳು ಮಲಗಿದರು.

"ಉಪ್ಪಿಲ್ಲದೆ ಯುದ್ಧ ಗೆದ್ರಲ್ಲ ನಮ್ಮ ಜವಾನರು, ಅವರು ನಿಜವಾದ ಶೂರರು" ಎಂದು ಅಪ್ಪ ಸಾಯುವವರೆಗೂ ಹೇಳುತ್ತಿದ್ದರು. ಎರಡನೇ ಸಲ ಸಾಯುವವರೆಗೂ.

ಇತ್ತ ಊರಿಗೆ ಹೋದ ತಂತಿಯಲ್ಲಿ ಇದ್ದದ್ದು ಇಷ್ಟೇ: ಕಾಣೆಯಾಗಿದ್ದಾರೆ. ನಮ್ಮವರು ಕಾದರು. ಒಂದು ತಿಂಗಳು, ಮೂರು ತಿಂಗಳು, ಆರು ತಿಂಗಳು. ಸಿಕ್ಕಿದ್ದಾರೆ ಎಂಬ ಎರಡನೇ ತಂತಿ ಬರಲೇ ಇಲ್ಲ. ಅಷ್ಟರಲ್ಲಿ ಹಟ್ಟಿಯ ದನ ಹಾಲು ಕೊಡುವುದು ನಿಲ್ಲಿಸಿತು. ಬಾವಿಯ ಹಗ್ಗ ಎರಡು ಸಲ ಕಡಿದು ಹೋಯಿತು. ಜ್ಯೋತಿಷಿಯ ಹತ್ತಿರ ಪ್ರಶ್ನೆ ಇಡಿಸಿದಾಗ, ಹಸಿದ ಜೀವ ಒಂದು ಅಂಗಳದಲ್ಲಿ ಸುತ್ತುತ್ತಾ ಉಂಟು ಎಂದು ಬಂತು. ಮನೆಯ ಯಜಮಾನರು ಅಪ್ಪನ ಸೋದರಮಾವ. ಅವರಿಗೆ ಅಷ್ಟು ಸಾಕಾಯಿತು. ಆಟಿ ತಿಂಗಳು ಹತ್ತಿರ ಬಂದಿತ್ತು. ಜುಲೈ ಆಗಸ್ಟಿನ ನಡುವೆ ಬರುವ ಆಟಿಯಲ್ಲಿ ನಮ್ಮ ಕಡೆ ಸತ್ತ ಹಿರಿಯರಿಗೆ ಬಡಿಸುತ್ತಾರೆ. ಕೋಣೆಯಲ್ಲಿ ಎಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ಬಾಗಿಲು ಮುಚ್ಚಿ ಹೊರಗೆ ಕಾಯುವುದು ಕ್ರಮ. ಆದರೆ ಸತ್ತವನನ್ನು ಮೊದಲು ವಿಧಿ ಮಾಡಿ ಹದಿನಾರು ಹಿರಿಯರ ಸಾಲಿಗೆ ಸೇರಿಸಬೇಕು. ಎಷ್ಟು ಜನ ಸೇರಿದರೂ ಆ ಸಾಲಿನ ಲೆಕ್ಕ ಹದಿನಾರೇ. ಸೇರದಿದ್ದರೆ ಎಲೆ ಇಲ್ಲ, ಎಲೆ ಇಲ್ಲದಿದ್ದರೆ ಹಸಿವು ಹೋಗುವುದಿಲ್ಲ. ಹಾಗೆ ಅಪ್ಪನನ್ನು ಸೇರಿಸಿದರು. ಅಮ್ಮನ ಬಳೆ ಒಡೆದು ಒಳಕೋಣೆಯಲ್ಲಿ ಕೂರಿಸಿದರು. ಅವಳಿಗಾಗ ಇಪ್ಪತ್ತೆರಡು.

ಅದೇ ದಿನ ಮಧ್ಯಾಹ್ನ ಅಪ್ಪ ಬಂದರು. ಗಡ್ಡ ಬಿಟ್ಟು, ಅರ್ಧಕ್ಕರ್ಧ ಇಳಿದು ಹೋಗಿದ್ದರು. ಮನೆಯಲ್ಲಿ ಚಪ್ಪರ, ಪಂಕ್ತಿ ನೋಡಿ ಯಾರದೋ ಮದುವೆ ಎಂದುಕೊಂಡರು. ಎರಡು ದಿನ ರೈಲಿನಲ್ಲಿ ಸರಿಯಾಗಿ ಉಂಡಿರಲಿಲ್ಲ. ಖಾಲಿ ಇದ್ದ ಒಂದು ಎಲೆಯ ಮುಂದೆ ಕೂತೇಬಿಟ್ಟರು. ಪಕ್ಕದವರನ್ನು ಕೇಳಿದಾಗ ಗೊತ್ತಾಯಿತು, ಮದುವೆ ಅಲ್ಲ, ತಿಥಿ ಊಟ.

"ಯಾರು ಹೋದದ್ದು?" ಎಂದು ಅಪ್ಪ ಕೇಳಿದರಂತೆ.

"ಈ ಮನೆಯ ಹುಡುಗ ಮಾರಾಯ್ರೇ. ಮಿಲಿಟ್ರಿಯಲ್ಲಿದ್ದ. ಒಳ್ಳೆ ಜನ."

ಅಪ್ಪನ ಕಣ್ಣಲ್ಲಿ ನೀರು ಬಂತಂತೆ. ಈ ಮನೆಯಿಂದ ಮಿಲಿಟರಿಗೆ ಹೋದವನು ತಾನೊಬ್ಬನೇ ಎಂದು ಹೊಳೆಯುವಷ್ಟರಲ್ಲಿ ಎಲೆಗೆ ಸಾರು ಬಿದ್ದಿತ್ತು. ಕಲಸಿ ಒಂದು ತುತ್ತು ಬಾಯಿಗಿಟ್ಟವರು ಅಭ್ಯಾಸಬಲದಿಂದ ಒಳಗಿನ ಕಡೆ ತಿರುಗಿ ಕೂಗಿದರು: "ಬಾಗೀ, ಉಪ್ಪು!"

ಬಾಗಿ ಅಂದರೆ ನನ್ನ ಅಮ್ಮ. ಒಳಕೋಣೆಯಿಂದ ಉಪ್ಪಿನ ಭರಣಿ ಹಿಡಿದುಕೊಂಡು ಓಡಿ ಬಂದಳಂತೆ. ಮುಖ ನೋಡಲಿಲ್ಲ, ಅಳಲಿಲ್ಲ, ಮೊದಲು ಉಪ್ಪು ಬಡಿಸಿದಳು. ಆಮೇಲೆ ಅಲ್ಲೇ ಎಲೆಯ ಪಕ್ಕ ಕುಸಿದು ಕೂತಳು. ಅಪ್ಪನ ಅಂಗಿಯ ಜೇಬಿನಲ್ಲಿ "ನಾನು ಕ್ಷೇಮ" ಎಂದು ಬರೆದ ಕಾಗದ ಇತ್ತು. "ಹೇಗೂ ನಾನೇ ಬರ್ತಾ ಇದ್ದೇನಲ್ಲ, ಅಂಚೆಗೆ ಯಾಕೆ ಹಾಕುವುದು" ಎಂದು ಯೋಚಿಸಿದ್ದರಂತೆ. ಇಂಥವರನ್ನು ಕಟ್ಟಿಕೊಂಡು ಏಗಿದ ನನ್ನ ಅಮ್ಮನಿಗೆ ಯಾವ ಪದಕವೂ ಸಿಗಲಿಲ್ಲ.

ಮುಂದಿನ ಕಷ್ಟ ಏನೆಂದರೆ ಬದುಕಿ ಬಂದವನನ್ನು ಏನು ಮಾಡುವುದು? ಭಟ್ಟರು ದಾರಿ ಹೇಳಿದರು. ಆರಡಿ ಗಂಡಸನ್ನು ತೊಟ್ಟಿಲಲ್ಲಿ ಕೂರಿಸಿ ಮತ್ತೆ ಹೆಸರಿಟ್ಟರು. ತೊಟ್ಟಿಲಿನ ಒಂದು ಹಗ್ಗ ಕಿತ್ತುಬಂತು. ಅಮ್ಮನಿಗೆ ಅದೇ ಗಂಡನ ಜೊತೆ ಎರಡನೇ ಮದುವೆ ಮಾಡಿಸಿದರು. ಆದರೆ ಹದಿನಾರರ ಸಾಲು ಭಟ್ಟರ ಕೈಯಲ್ಲಿ ಇಲ್ಲವಲ್ಲ. ಸೋದರಮಾವ ಗಟ್ಟಿಯಾಗಿ ನಿಂತರು. "ಸೇರಿಸುವ ಕ್ರಮ ಉಂಟು, ತೆಗೆಯುವ ಕ್ರಮ ಇಲ್ಲ. ಇವನನ್ನು ಎಬ್ಬಿಸಿದ್ರೆ ಉಳಿದವರು ಸುಮ್ಮನೆ ಕೂರ್ತಾರಾ?" ಕಡೆಗೆ ಒಂದು ಒಪ್ಪಂದವಾಯಿತು. ವರ್ಷವೂ ಆಟಿಯಲ್ಲಿ ಲೋಕನಾಥನ ಹೆಸರಿನ ಎಲೆ ಹಾಕಲೇಬೇಕು. ಆ ಎಲೆಯನ್ನು ಲೋಕನಾಥನೇ ಮುಚ್ಚಿದ ಕೋಣೆಯಲ್ಲಿ ಒಬ್ಬನೇ ಕೂತು ಉಣ್ಣಬೇಕು. ಬೇರೆ ಯಾರು ಉಂಡರೂ ದೋಷ.

ಸೈನ್ಯದಿಂದ ಹವಾಲ್ದಾರರಾಗಿ ನಿವೃತ್ತರಾದ ಮೇಲೆ ಅಪ್ಪ ಕೆಲಸ ಹುಡುಕಿಕೊಂಡು ಠಾಣೆ ಶಹರಕ್ಕೆ ಬಂದರು. ಕೆಲವು ವರ್ಷ ಬೇರೆಯವರ ಲಾರಿ ಓಡಿಸಿ, ಆಮೇಲೆ ಕಳಂಬೋಲಿಯ ಕಬ್ಬಿಣದ ಮಾರ್ಕೆಟಿನಲ್ಲಿ ಟ್ರೇಲರ್ ಡ್ರೈವರ್ ಆದರು. ವರ್ತಕ ನಗರದ ಎರಡನೇ ಮಹಡಿಯಲ್ಲಿ ನಮ್ಮ ಮನೆ, ಒಂದು ಹಾಲ್, ಒಂದು ಬೆಡ್‌ರೂಮ್. ಆಟಿಯ ಆಚರಣೆಯೂ ನಮ್ಮ ಜೊತೆಗೇ ಬಂತು. ಊರಿನಲ್ಲಾದರೆ ಅದಕ್ಕೆ ಪಂಚಾಂಗ ನೋಡುತ್ತಾರೆ. ಇಲ್ಲಿ ಎಲ್ಲರಿಗೂ ಡ್ಯೂಟಿ, ಹಾಗಾಗಿ ಹದಿನಾರು ಹಿರಿಯರೂ ರವಿವಾರವೇ ಬರಬೇಕು. ಅಪ್ಪ ಸ್ನಾನ ಮಾಡಿ, ಬಿಳಿ ಪಂಚೆ ಉಟ್ಟು ಬೆಡ್‌ರೂಮಿಗೆ ಹೋಗುತ್ತಿದ್ದರು. ಗೋದ್ರೇಜ್ ಕಪಾಟಿನ ಎದುರು ಎಲೆಗಳ ಸಾಲು. ಕೋಳಿ ಸಾರು, ರೊಟ್ಟಿ, ಹುರಿದ ಬಂಗುಡೆ ಮೀನು, ಮಿಲಿಟರಿ ಕ್ಯಾಂಟೀನಿನ ರಮ್ ಒಂದು ಲೋಟ. ಬಾಗಿಲು ಮುಚ್ಚುತ್ತಿತ್ತು. ಹೊರಗೆ ನಾವು ಕೈ ಮುಗಿದು ನಿಲ್ಲುತ್ತಿದ್ದೆವು, ಜೀವಂತ ಇರುವ ಅಪ್ಪನಿಗೆ.

ಐದು ನಿಮಿಷ ಆಗುವುದರೊಳಗೆ ಒಳಗಿನಿಂದ ಸ್ವರ ಬರುತ್ತಿತ್ತು. "ಬಾಗೀ, ಉಪ್ಪು!"

ಅಮ್ಮ ಬಾಗಿಲನ್ನು ಒಂದು ಗೇಣು ತೆರೆದು ಭರಣಿ ಒಳಗೆ ದಾಟಿಸುತ್ತಿದ್ದಳು. ಸರ್ವೋತ್ತಮ ಚಿಕ್ಕಪ್ಪನಿಗೆ ಇದು ಆಗುತ್ತಿರಲಿಲ್ಲ. ಅವರು ಅಪ್ಪನ ಚಿಕ್ಕಮ್ಮನ ಮಗ. ಡೊಂಬಿವ್ಲಿಯಲ್ಲಿ ಹೋಟೆಲ್ ಇದೆ, ಸೋದರಮಾವನ ಕಾಲಾನಂತರ ಕುಟುಂಬದ ಕ್ರಮಗಳಿಗೆಲ್ಲ ಇವರೇ ಯಜಮಾನರು. "ಅಣ್ಣಾ, ಸತ್ತವರು ಮಾತಾಡ್ಬಾರ್ದು" ಎಂದು ಬಾಗಿಲಿಗೆ ಬಾಯಿಟ್ಟು ಹೇಳುತ್ತಿದ್ದರು. "ಉಪ್ಪು ಸರಿ ಹಾಕಿದ್ರೆ ನಾನ್ಯಾಕೆ ಮಾತಾಡ್ಲಿ?" ಎಂದು ಒಳಗಿನಿಂದ ಉತ್ತರ. ಮುಂದೆ ಬಿ.ಪಿ. ಬಂದು ಡಾಕ್ಟರು ಉಪ್ಪು ಬಿಡಿಸಿದರು. ಉಳಿದ ದಿನ ಅಮ್ಮ ಹೇಳಿದ ಹಾಗೆ ಕೇಳುತ್ತಿದ್ದ ಅಪ್ಪ ಆ ದಿನ ಮಾತ್ರ ಕೇಳುತ್ತಿರಲಿಲ್ಲ. "ಇವತ್ತು ನಾನು ಸತ್ತವ. ಸತ್ತವನಿಗೆ ಎಂಥ ಬಿ.ಪಿ.?" ಎಂದರೆ ಅಮ್ಮ ಭರಣಿ ದಾಟಿಸಲೇಬೇಕಾಗುತ್ತಿತ್ತು.

ಊಟ ಮುಗಿಸಿ ಹೊರಗೆ ಬಂದು ಕೈ ಒರೆಸಿಕೊಳ್ಳುತ್ತಾ ಅಪ್ಪ ಒಳಗಿನ ವರದಿ ಒಪ್ಪಿಸುತ್ತಿದ್ದರು. "ಅಜ್ಜಿ ಕೇಳಿದ್ರು, ಜಯಲತಾಗೆ ಗಣಿತದಲ್ಲಿ ಯಾಕೆ ಅಷ್ಟು ಕಮ್ಮಿ ಅಂತ." ನನಗೆ ಮೈಯೆಲ್ಲ ಉರಿಯುತ್ತಿತ್ತು. ಮಾರ್ಕಿನ ಪಟ್ಟಿ ನಾನು ಅಡಗಿಸಿಟ್ಟದ್ದು ಅದೇ ಗೋದ್ರೇಜ್ ಕಪಾಟಿನಲ್ಲಿ. ನನಗೆ ಇಪ್ಪತ್ತನಾಲ್ಕಾದಾಗ ಕಲ್ಯಾಣದ ಜಯೇಶನನ್ನು ಮದುವೆಯಾಗುತ್ತೇನೆ ಎಂದೆ. ಮರಾಠಿ ಹುಡುಗ. ಚಿಕ್ಕಪ್ಪ ಕೆಂಡವಾದರು. ಹಿರಿಯರು ಒಪ್ಪುವುದಿಲ್ಲ, ಅವರ ಶಾಪ ತಟ್ಟುತ್ತದೆ ಎಂದರು. ಅಪ್ಪ ಆಟಿಯವರೆಗೆ ಕಾದರು. ಆ ರವಿವಾರ ಉಂಡು ಹೊರಗೆ ಬಂದು ಹೇಳಿದರು, "ಸರ್ವೋತ್ತಮಾ, ಕೇಳಿ ಆಯ್ತು. ಹದಿನಾರು ಮಂದಿಯೂ ಒಪ್ಪಿದ್ದಾರೆ. ಅದರಲ್ಲಿ ನಾನೊಬ್ಬ ಉಂಟಲ್ಲ, ನನ್ನದಂತೂ ಖಾತ್ರಿ." ಡಿಸೆಂಬರಿನಲ್ಲಿ ನನ್ನ ಮದುವೆಯಾಯಿತು. ಅಂಥ ಅಪ್ಪ ಯಾರಿಗುಂಟು ಹೇಳಿ.

ಅವರಿಗೊಂದು ಗುಣ ಇತ್ತು. ಇಲ್ಲೇ ನಿಲ್ಲಿ ಎಂದರೆ ನಿಲ್ಲುತ್ತಿದ್ದರು. ಒಮ್ಮೆ ಅಮ್ಮ ಠಾಣೆ ಸ್ಟೇಷನ್ನಿನ ಹತ್ತಿರ ಸೀರೆ ಅಂಗಡಿಯ ಹೊರಗೆ ಅವರನ್ನು ನಿಲ್ಲಿಸಿ, ಒಳಗೆ ಗೆಳತಿ ಸಿಕ್ಕಿದ ಖುಷಿಯಲ್ಲಿ ಇನ್ನೊಂದು ಬಾಗಿಲಿಂದ ರಿಕ್ಷಾ ಹತ್ತಿ ಮನೆಗೆ ಬಂದುಬಿಟ್ಟಳು. ನಾಲ್ಕು ಗಂಟೆಯ ನಂತರ ನಾನು ಹೋಗಿ ನೋಡಿದರೆ ಅಪ್ಪ ಅದೇ ಕಂಬದ ಪಕ್ಕ ಚೀಲ ಹಿಡಿದು ನಿಂತಿದ್ದಾರೆ. "ಬಾಗಿ ನಿಲ್ಲು ಅಂದಿದ್ಲು" ಎಂದರು.

ಈ ವರ್ಷ ಮಾರ್ಚಿನಲ್ಲಿ ಒಂದು ಬೆಳಿಗ್ಗೆ ಹಾಲು ತಂದಿಟ್ಟು, ಕುರ್ಚಿಯಲ್ಲಿ ಕೂತು ಚಪ್ಪಲಿ ಬಿಡಲು ಬಗ್ಗಿದವರು ಮತ್ತೆ ಏಳಲಿಲ್ಲ. ಎಪ್ಪತ್ತೊಂಬತ್ತು ನಡೆಯುತ್ತಿತ್ತು.

ಅಮ್ಮ ಅಳಲಿಲ್ಲ. ಚಿತೆಗೆ ಬೆಂಕಿ ಇಟ್ಟದ್ದು ಗೊತ್ತಾದ ಮೇಲೂ ಅಳಲಿಲ್ಲ. ಬಳೆ ತೆಗೆಯುವ ಮಾತು ತೆಗೆದ ಹೆಂಗಸಿಗೆ, "ಈ ಗಂಡನಿಗೆ ಒಮ್ಮೆ ತೆಗೆದಾಗಿದೆ. ಒಬ್ಬರಿಗೆ ಎಷ್ಟು ಸಲ ತೆಗೀಲಿಕ್ಕುಂಟು?" ಎಂದಳು. ಆ ಮಾತಿಗೆ ನಾನು ಮನಸ್ಸಿನಲ್ಲೇ ಶಾಬಾಸ್ ಅಂದೆ. ಅದರ ಹಿಂದೆ ಏನಿದೆ ಎಂದು ನನಗೆ ಆಗ ತಿಳಿದಿರಲಿಲ್ಲ.

ಸರ್ವೋತ್ತಮ ಚಿಕ್ಕಪ್ಪ ಮೂರನೇ ದಿನ ನನ್ನನ್ನು ಬಾಲ್ಕನಿಗೆ ಕರೆದರು. "ನೋಡು ಮಗಾ, ಹದಿಮೂರನೇ ದಿನದ ವಿಧಿ ನಾವು ಮಾಡ್ಲಿಕ್ಕಾಗುದಿಲ್ಲ. ಅಣ್ಣನನ್ನು ಸೇರಿಸಿ ಆಗಿದೆಯಲ್ಲ, ಎಪ್ಪತ್ತೆರಡರಲ್ಲಿ."

"ಚಿಕ್ಕಪ್ಪಾ, ಅವರು ತೀರಿಹೋದದ್ದು ಮೊನ್ನೆ."

"ಅದು ಹೌದು. ಆದ್ರೆ ಒಳಗೆ ಕೂತವನನ್ನು ಬಾಗಿಲಲ್ಲಿ ನಿಂತು ಮತ್ತೆ ಬಾ ಅಂತ ಕರೆಯುದು ಹೇಗೆ?"

"ಹಾಗಾದ್ರೆ ನನ್ನ ಅಪ್ಪನನ್ನು ಕಳಿಸಿ ಕೊಡುವುದು ಯಾವಾಗ?"

"ಕಳಿಸಿ ಆಗಿದೆ ಮಾರಾಯ್ತಿ. ನೀನು ಹುಟ್ಟುವ ಎರಡು ವರ್ಷ ಮೊದಲೇ."

"ಮತ್ತೆ ನಾನು ಯಾರ ಮಗಳು?"

"ಅದನ್ನೆಲ್ಲ ನನ್ನ ಹತ್ರ ಕೇಳ್ಬೇಡ" ಎಂದು ಚಿಕ್ಕಪ್ಪ ಬೆವರು ಒರೆಸಿಕೊಂಡರು.

ನಾನು ಬಿಡಲಿಲ್ಲ. ಮೂರು ಮಹಡಿಗೂ ಕೇಳುವ ಹಾಗೆ ಕೂಗಾಡಿದೆ. ಕೊನೆಗೆ, ವಿಧಿ ಬೇಡ, ಹದಿಮೂರನೇ ದಿನ ಜನರನ್ನು ಕರೆದು ಒಂದು ಊಟ ಹಾಕೋಣ ಎಂದಾಯಿತು. ಡೊಂಬಿವ್ಲಿಯ ಒಂದು ಹಾಲ್‌ನಲ್ಲಿ ನೂರೈವತ್ತು ಜನ ಉಂಡರು. ಬೇಡವೆಂದರೂ ಕೇಳದೆ ಅಮ್ಮ ಪಾಯಸದ ಪಾತ್ರೆ ಹಿಡಿದು ಪಂಕ್ತಿಯಲ್ಲಿ ಹೊರಟಳು. ಪ್ರತಿ ಎಲೆಯ ಮುಂದೆ ನಿಲ್ಲುತ್ತಿದ್ದಳು, ಬಗ್ಗಿ ಮುಖ ನೋಡುತ್ತಿದ್ದಳು, ಮುಂದೆ ಹೋಗುತ್ತಿದ್ದಳು. ಗಡ್ಡ ಬಿಟ್ಟವರ ಎದುರು ಇನ್ನೂ ಸ್ವಲ್ಪ ಹೊತ್ತು ನಿಂತಳು. ಕೊನೆಯ ಪಂಕ್ತಿ ಎದ್ದ ಮೇಲೆ ನನ್ನ ಹತ್ತಿರ ಬಂದು, "ಇವತ್ತು ಬರ್ಲಿಲ್ಲ" ಎಂದಳು.

ಆಗ ನನಗೆ ಅರ್ಥವಾಯಿತು. ನನ್ನ ಅಮ್ಮ ಕಾಯುತ್ತಿದ್ದಳು. ಒಮ್ಮೆ ಹೋಗಿ ಬಂದವರು ಇನ್ನೊಮ್ಮೆ ಬರುತ್ತಾರೆ ಎಂದು ನಂಬಿ ಕಾಯುತ್ತಿದ್ದಳು.

ಆಮೇಲಿನ ನಾಲ್ಕು ತಿಂಗಳು ನಮ್ಮ ಮನೆ ಮನೆಯಾಗಿರಲಿಲ್ಲ. ಸಂಜೆ ನಾಲ್ಕಕ್ಕೆ ಎರಡು ಲೋಟ ಚಹಾ ಆಗುತ್ತಿತ್ತು, ಒಂದು ಆರಿ ಹೋಗುತ್ತಿತ್ತು. ಲಿಫ್ಟಿನ ಸದ್ದಾದರೆ ಅಮ್ಮ ಬಾಗಿಲು ತೆರೆಯುತ್ತಿದ್ದಳು. ತಾನು ಉಣ್ಣುವುದು ಬರೇ ಎರಡು ತುತ್ತು. ಆರು ಕಿಲೋ ಇಳಿದಳು. ನನ್ನ ಮಗಳು ನಿಶ್ಮಿತಾಗೆ ಕನ್ನಡ ತಿಳಿಯುತ್ತದೆ, ಬಾಯಲ್ಲಿ ಬರುವುದು ಮರಾಠಿ. "ಮಮ್ಮಿ, ಅಜ್ಜೀಲಾ ಕೌನ್ಸೆಲರ್‌ಕಡೆ ನೇವೂಯಾ" ಎಂದಳು. ಕರೆದುಕೊಂಡು ಹೋಗಬಹುದಿತ್ತು. ಆದರೆ ಕೌನ್ಸೆಲರ್ ಎದುರು ಕೂತು ಏನು ಹೇಳುವುದು? ಗಂಡ ಸತ್ತದ್ದನ್ನು ಇವಳು ನಂಬುತ್ತಿಲ್ಲ, ಯಾಕೆಂದರೆ ಅವರು ಹಿಂದೆ ಸತ್ತಾಗ ನಂಬಿ ಮೋಸಹೋಗಿದ್ದಾಳೆ ಎಂದೇ? ನನ್ನನ್ನೇ ಅಡ್ಮಿಟ್ ಮಾಡಿಕೊಂಡಾರು. ಒಟ್ಟಿನಲ್ಲಿ ಅಮ್ಮ ಒಮ್ಮೆ ಅಳಬೇಕಿತ್ತು. ಅಳದಿದ್ದರೆ ಇವಳೂ ಉಳಿಯುವುದಿಲ್ಲ ಎಂದು ನನಗೆ ಭಯವಾಗಿತ್ತು.

ಆಟಿ ಬಂತು. ಚಿಕ್ಕಪ್ಪ ರವಿವಾರ ಸಂಜೆ ಬಾಳೆಲೆ ಕಟ್ಟು ಹಿಡಿದುಕೊಂಡು ಬಂದರು. ಬೇಸರದಲ್ಲೂ ಅವರ ಮುಖದಲ್ಲಿ ಒಂದು ನಿರಾಳ ಇತ್ತು. "ಐವತ್ತಮೂರು ವರ್ಷದ ಮೇಲೆ ಇವತ್ತು ಸರಿಯಾಗಿ ಕ್ರಮ ಪ್ರಕಾರ ನಡೀತದೆ" ಎಂದರು. ಅವರನ್ನು ಎರಡನೇ ಮಹಡಿಯಿಂದ ಕೆಳಗೆ ದೂಡಬೇಕು ಅನ್ನಿಸಿತು. ಜಯೇಶ್ ನನ್ನ ಕೈ ಹಿಡಿದ.

ಅಡುಗೆ ಪೂರಾ ಅಮ್ಮನದೇ. ನಮ್ಮನ್ನು ಅಡುಗೆಮನೆಯ ಹೊಸ್ತಿಲು ದಾಟಲು ಬಿಡಲಿಲ್ಲ. ಬಡಿಸುವ ಮೊದಲು ರುಚಿ ನೋಡುವ ಹಾಗೆ ಇಲ್ಲ, ಅದೂ ಕ್ರಮವೇ. ಅಮ್ಮ ಅವತ್ತು ಹಸಿರು ಸೀರೆ ಉಟ್ಟಿದ್ದಳು. ನಾಲ್ಕು ತಿಂಗಳಲ್ಲಿ ಮೊದಲ ಸಲ ಅವಳ ಕೆಲಸದಲ್ಲಿ ಚುರುಕಿತ್ತು. ಕೋಳಿ ಸಾರು, ರೊಟ್ಟಿ, ಬಂಗುಡೆ, ರಮ್ ಎಲ್ಲವೂ ಕಪಾಟಿನ ಎದುರಿನ ಎಲೆಗೆ ಬಂದವು. ಚಿಕ್ಕಪ್ಪ ಹೆಸರು ಹೇಳಿ ಕರೆದರು, ಬಾಗಿಲು ಎಳೆದರು. ಈ ಸಲ ಒಳಗೆ ಹೋಗಲು ಬಿಳಿ ಪಂಚೆಯವರು ಇರಲಿಲ್ಲ.

ನಾವೆಲ್ಲ ಹಾಲ್‌ನಲ್ಲಿ ನಿಂತೆವು. ಅಮ್ಮ ಬಾಗಿಲಿಗೆ ಒರಗಿ ನೆಲದಲ್ಲಿ ಕೂತಳು. ಅವಳ ಮಡಿಲಲ್ಲಿ ಉಪ್ಪಿನ ಭರಣಿ ಇತ್ತು.

ಐದು ನಿಮಿಷ ಆಯಿತು. ಪಕ್ಕದ ಮನೆಯ ಕುಕ್ಕರ್ ಸೀಟಿ ಹೊಡೆಯಿತು. ಹತ್ತು ನಿಮಿಷ ಆಯಿತು. ಅಮ್ಮ ಕಿವಿಯನ್ನು ಬಾಗಿಲಿಗೆ ಒತ್ತಿಟ್ಟಳು. ಚಿಕ್ಕಪ್ಪ ಗಡಿಯಾರ ನೋಡಿ, ಬಾಗಿಲು ತೆರೆಯುವ ಮೊದಲು ತಟ್ಟುವ ಚಪ್ಪಾಳೆಗೆ ಕೈ ಎತ್ತಿದರು.

"ಇರಿ, ಇನ್ನು ಸ್ವಲ್ಪ" ಎಂದಳು ಅಮ್ಮ.

ಚಿಕ್ಕಪ್ಪ ಕೈ ಇಳಿಸಿದರು. ಮತ್ತೆ ಹದಿನೈದು ನಿಮಿಷ ಕಾದೆವು. ನಿಶ್ಮಿತಾ ನನ್ನ ಭುಜಕ್ಕೆ ಮುಖ ಒತ್ತಿಕೊಂಡಿದ್ದಳು. ನಾಚಿಕೆ ಬಿಟ್ಟು ಹೇಳುತ್ತೇನೆ, ನಾನೂ ಕಾಯುತ್ತಿದ್ದೆ. ಐವತ್ತೊಂದು ವರ್ಷದ ಹೆಡ್ ಕ್ಲಾರ್ಕ್, ಮರಣ ಪತ್ರವನ್ನು ಕೈಯಾರೆ ಫೈಲ್ ಮಾಡಿಟ್ಟವಳು, ಆ ಮುಚ್ಚಿದ ಬಾಗಿಲ ಕಡೆ ನೋಡುತ್ತಾ, ಕರೆಯಿರಿ ಅಪ್ಪಾ, ಒಂದು ಸಲ ಕರೆಯಿರಿ ಎಂದುಕೊಳ್ಳುತ್ತಿದ್ದೆ.

ಚಿಕ್ಕಪ್ಪ ಮೂರು ಸಲ ಚಪ್ಪಾಳೆ ತಟ್ಟಿದರು. ಬಾಗಿಲು ತೆರೆದರು. ಎಲೆ ಹಾಕಿದ ಹಾಗೆಯೇ ಇತ್ತು. ರೊಟ್ಟಿ ಮುರಿದಿರಲಿಲ್ಲ. ಲೋಟದಲ್ಲಿ ರಮ್ ಅಷ್ಟೇ ಇತ್ತು.

ಅಮ್ಮ ತುಂಬ ಹೊತ್ತು ನೋಡಿದಳು.

"ಉಪ್ಪು ಕೇಳ್ಲಿಲ್ಲ" ಎಂದಳು. "ಜಯಾ, ಇವರು ಉಪ್ಪು ಕೇಳ್ಲಿಲ್ಲ."

ಆಮೇಲೆ ಅವಳು ಅತ್ತಳು. ಭರಣಿಯನ್ನು ಎದೆಗೆ ಒತ್ತಿಕೊಂಡು, ಇಪ್ಪತ್ತೆರಡರ ಹುಡುಗಿಯ ಹಾಗೆ, ಬಿದ್ದು ಬಿದ್ದು ಅತ್ತಳು. ಇನ್ನಿಲ್ಲ, ಇನ್ನು ಬರುವುದಿಲ್ಲ ಎಂದು ಮತ್ತೆ ಮತ್ತೆ ಹೇಳಿದಳು. ನಾನು ಅವಳನ್ನು ತಬ್ಬಿಕೊಂಡು ನೆಲದಲ್ಲೇ ಕೂತೆ. ಕ್ರಮ ಕ್ರಮ ಎಂದು ಜೀವ ತೆಗೆಯುವ ಚಿಕ್ಕಪ್ಪ ಬಾಲ್ಕನಿಗೆ ಹೋಗಿ ಪಂಚೆಯ ತುದಿಯಿಂದ ಮೂಗು ಒರೆಸಿಕೊಂಡರು.

ಅತ್ತು ಮುಗಿದ ಮೇಲೆ ಅಮ್ಮ ತಾನಾಗಿಯೇ ಎದ್ದು ಮುಖ ತೊಳೆದಳು. ಎಲ್ಲರಿಗೂ ಎಲೆ ಹಾಕಿದಳು, ತನಗೂ ಒಂದು ಹಾಕಿಕೊಂಡಳು. ಕೂತೆವು. ನಾನು ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ಮೊದಲ ತುತ್ತು ಬಾಯಿಗಿಟ್ಟೆ. ಸಾರಿಗೆ ಉಪ್ಪೇ ಇರಲಿಲ್ಲ. ಬಂಗುಡೆಗೂ ಇರಲಿಲ್ಲ. ಒಂದು ಹರಳೂ ಇಲ್ಲ. ಐವತ್ತೈದು ವರ್ಷ ಅಡುಗೆ ಮಾಡಿದ ಕೈ ಅದು, ಮರೆಯುವ ಕೈಯಲ್ಲ.

ನಾನು ತಲೆ ಎತ್ತಿದೆ. ಜಯೇಶ್ ತಲೆ ತಗ್ಗಿಸಿ ಉಣ್ಣುತ್ತಿದ್ದ. ನಿಶ್ಮಿತಾ ಉಣ್ಣುತ್ತಿದ್ದಳು. ನಲವತ್ತು ವರ್ಷ ಹೋಟೆಲ್ ನಡೆಸಿದ, ಸಾಂಬಾರಿನಲ್ಲಿ ಒಂದು ಸಾಸಿವೆ ಹೆಚ್ಚಾದರೂ ಅಡುಗೆಯವರ ಜನ್ಮ ಜಾಲಾಡುವ ಸರ್ವೋತ್ತಮ ಚಿಕ್ಕಪ್ಪ ಒಂದು ಕ್ಷಣ ಅಗಿಯುವುದನ್ನು ನಿಲ್ಲಿಸಿದರು. ಅಮ್ಮನ ಪಕ್ಕದಲ್ಲಿದ್ದ ಭರಣಿಯನ್ನು ನೋಡಿದರು. ಆಮೇಲೆ ಎಲೆಯನ್ನು ಮುಂದಕ್ಕೆ ಸರಿಸಿ, "ಅತ್ತಿಗೆ, ಸಾರು ಇನ್ನೊಂದು ಸೌಟು ಹಾಕಿ" ಎಂದರು.

ಉಪ್ಪು ಯಾರೂ ಕೇಳಲಿಲ್ಲ.